ಮೊದಲು ನೆಲಾ ನೋಡವ್ವ

ನಮ್ಮ ಮನೆಗೂ ಪಕ್ಕದ ವೈನಿಯವರ ಮನೆಗೂ ನಡುವೆ ಇರುವುದು ಸಾಲಾಗಿ ನಿಲ್ಲಿಸಿದ ಫರಸಿ ಕಲ್ಲಿನ ಬೇಲಿ. ಸೇಡಂ ಹತ್ತಿರದ ನಮ್ಮ ಕೋಡ್ಲಾದ ಕಡೆ ಕಲ್ಲಿಗೇನು ಬರ, ಮುಳ್ಳುಬೇಲಿಗಿಂತ ಇದೇ ಬಾಳಿಕೆ. ಎದೆಮಟ್ಟ ಇದೆ, ಮೇಲೆ ಕೈ ಊರಿ ನಿಲ್ಲಲು ಹದವಾಗಿದೆ. ಬಿಸಿಲು ಇಳಿದರೆ ವೈನಿ ಆ ಕಡೆ, ನಾನು ಈ ಕಡೆ. ಈಚೆಗೆ ನಮ್ಮ ಮಾತೆಲ್ಲ ಒಂದೇ ವಿಷಯಕ್ಕೆ ಬಂದು ನಿಲ್ಲುತ್ತದೆ. ವೈನಿಯವರ ಮಗಳು ಹೈದರಾಬಾದಿನಲ್ಲಿ ನೌಕರಿ ಮಾಡುತ್ತಲೇ ಬೆಲ್ಲಿ ಡಾನ್ಸ್ ಕಲಿತು ಊರಿಗೆ ಬಂದಿದ್ದಾಳೆ. ಚಿಕ್ಕವಳಿದ್ದಾಗ ಭರತನಾಟ್ಯವನ್ನೂ ಒಂದಷ್ಟು ಕಲಿತವಳು. ಈಗ ಈ ಭಾಗದ ಹೆಣ್ಣುಮಕ್ಕಳಿಗೆ ಕ್ಲಾಸ್ ತೆಗೆಯಬೇಕೆಂದು ಜಾಗ ಹುಡುಕುತ್ತಿದ್ದಾಳೆ.

"ಅಕ್ಕೋರೆ, ನೀವರೆ ಒಂದು ಮಾತು ಹೇಳ್ರಿ ಆಕಿಗಿ. ಕನ್ನಡಿ ಎಲ್ಲಿ ಹಚ್ಚಬೇಕು, ಲೈಟ್ ಎಂಥವು ಬೇಕು ಅಂತ ಮೊಬೈಲ್‌ದಾಗ ನೋಡ್ಕೋತ ಕುಂತಾಳ. ಜಾಗಾನೇ ಇನ್ನಾ ಗೊತ್ತಿಲ್ಲ," ಅಂದರು ವೈನಿ.

ನಾನು ಶಾಲೆಯಲ್ಲಿ ಗ್ಯಾದರಿಂಗ್‌ಗೆ ಮಕ್ಕಳಿಗೆ ಕೋಲಾಟ, ಲೇಜಿಮ್ ಕಲಿಸಿದವಳು. ಕುಣಿಯುವ ಮಗುವಿನ ಕಾಲು ಯಾವ ನೆಲದ ಮೇಲೆ ಹೇಗೆ ನೋಯುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಹುಡುಗಿಯನ್ನು ಬೇಲಿಯ ಹತ್ತಿರ ಕರೆದು ಹೇಳಿದೆ: "ಕನ್ನಡಿ ಆಮ್ಯಾಲ ನೋಡೂಣು. ಮೊದಲು ನೆಲಾ ನೋಡವ್ವ."

"ನೆಲದಾಗ ಏನದರಿ ಅತ್ತಿ? ನಮ್ ಕಡಿ ಎಲ್ಲಾ ಕಡಿ ಫರಸಿನೇ ಅದ," ಅಂದಳು.

ಅಲ್ಲೇ ಇರುವುದು ವಿಷಯ. ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ, ಅತ್ತ ಚಿಂಚೋಳಿ, ಎಲ್ಲಿ ಹೋದರೂ ಕಾಲಡಿ ಕಲ್ಲು. ಭೀಮಾ ದಂಡೆಯ ಈ ಸುಣ್ಣಕಲ್ಲು ಪದರಪದರವಾಗಿ ಏಳುತ್ತದೆ. ಖಣಿಯಲ್ಲಿ ಎಬ್ಬಿಸಿ ಕೊರೆದರೆ ಫರಸಿ, ಪುಡಿಮಾಡಿ ಸುಟ್ಟರೆ ಸಿಮೆಂಟು. ಕೋಡ್ಲಾ, ಮಳಖೇಡ, ಸೇಡಂ, ವಾಡಿಗೆ ಸಿಮೆಂಟ್ ಫ್ಯಾಕ್ಟರಿಗಳು ಬಂದದ್ದೇ ಈ ಕಲ್ಲಿಗಾಗಿ. ಗಡಿ ದಾಟಿದರೆ ಇದರ ನೆಂಟ ತಾಂಡೂರಿನ ಕಲ್ಲು. ಶಹಾಬಾದ್ ಫರಸಿ ದೇಶದ ಎಷ್ಟೋ ರೈಲು ನಿಲ್ದಾಣ, ಶಾಲೆ, ಆಸ್ಪತ್ರೆಗಳ ನೆಲವಾಗಿದೆ. ನಮ್ಮ ಮನೆಗಳಲ್ಲಿ ನೆಲವಷ್ಟೇ ಅಲ್ಲ, ಗೋಡೆಯೂ ಅದೇ, ಹಳೆ ಮನೆಗಳ ಛತ್ತೂ ಅದೇ. ಬಾಳುವುದಕ್ಕೆ ಇದಕ್ಕಿಂತ ಒಳ್ಳೆಯ ಕಲ್ಲು ಬೇಡ. ತೊಳೆದರೆ ಸ್ವಚ್ಛ, ಬೇಸಿಗೆಯಲ್ಲಿ ಮೈ ಚಾಚಿದರೆ ತಂಪು, ಮೂರು ತಲೆಮಾರು ಓಡಾಡಿದರೂ ಸವೆಯದು. ಆದರೆ ಕುಣಿತಕ್ಕೆ ಇದು ಒಗ್ಗುವ ನೆಲವಲ್ಲ. ಕಲ್ಲು ಬಗ್ಗುವುದಿಲ್ಲ. ಮಣ್ಣಿನ ಮೇಲೆ ಗಚ್ಚು, ಗಚ್ಚಿನ ಮೇಲೆ ಕಲ್ಲು. ನೀನು ಹೆಜ್ಜೆ ಒದ್ದಷ್ಟೂ ಅದು ನಿನ್ನ ಹಿಮ್ಮಡಿಗೇ ತಿರುಗಿ ಒದೆಯುತ್ತದೆ. ಆ ಪೆಟ್ಟು ಹಿಮ್ಮಡಿಯಿಂದ ನಳಿಗೆಲುಬಿಗೆ, ಅಲ್ಲಿಂದ ಮೊಣಕಾಲಿಗೆ, ಕೊನೆಗೆ ನಡುವಿಗೆ ಏರುತ್ತದೆ. ಒಂದು ದಿನ ಕುಣಿದರೆ ಏನೂ ಆಗದು. ವಾರಕ್ಕೆ ಮೂರು ದಿನದಂತೆ ವರ್ಷವಿಡೀ ಕುಣಿದವರು ಮೊಣಕಾಲ ಕೆಳಗೆ ಮುಂಭಾಗ ಹಿಡಿದುಕೊಂಡು ಕೂಡುತ್ತಾರೆ. ಕಲಿಸುವವಳಂತೂ ದಿನಕ್ಕೆ ಎರಡು ಮೂರು ತಂಡದ ಮುಂದೆ ನಿಲ್ಲಬೇಕು. ಎಲ್ಲರಿಗಿಂತ ಮೊದಲು ಹಾಳಾಗುವುದು ಆಕೆಯ ಮೊಣಕಾಲು.

ಹುಡುಗಿ ಸುಮ್ಮನೆ ಒಪ್ಪಲಿಲ್ಲ. "ಬೆಲ್ಲಿ ಡಾನ್ಸ್‌ದಾಗ ತಟ್ಟೂದು, ಜಿಗಿಯೂದು ಕಡಿಮಿ ಅತ್ತಿ. ಭರತನಾಟ್ಯದಂಗ ಅಲ್ಲ," ಅಂದು ಅಂಗಳದಲ್ಲೇ ಮಾಡಿ ತೋರಿಸಿದಳು. ಚೂಡಿದಾರದ ಮೇಲೆ ಸೊಂಟಕ್ಕೆ ಓಢಣಿ ಬಿಗಿದುಕೊಂಡು ಬರಿಗಾಲಲ್ಲಿ ನಿಂತಳು. ಪಾದ ಪೂರಾ ನೆಲಕ್ಕೆ, ಮೊಣಕಾಲು ತುಸು ಸಡಿಲ, ಭುಜ ಅಲುಗುವಂತಿಲ್ಲ, ಸೊಂಟ ಮಾತ್ರ 8ರ ಅಂಕಿ ಬರೆಯುತ್ತ ತಿರುಗುತ್ತದೆ. ಆಮೇಲೆ ಎರಡೂ ಮೊಣಕಾಲುಗಳನ್ನು ಬೇಗಬೇಗ ಹಿಂದೆ ಮುಂದೆ ಆಡಿಸಿದಾಗ ಓಢಣಿಯ ಗೊಂಡೆಗಳೆಲ್ಲ ಒಟ್ಟಿಗೆ ನಡುಗಿದವು. ಆ ನಡುಕ ಹುಟ್ಟುವುದು ಹೊಟ್ಟೆಯಲ್ಲಲ್ಲ, ಮೊಣಕಾಲಲ್ಲಿ. ಒಂದು ತಾಸು ಹಾಗೆ ಕಲ್ಲಿನ ಮೇಲೆ ನಿಂತು ಮಾಡಿದರೆ ಏನಾಗುತ್ತದೆ ಎಂದು ಕೇಳಿದೆ. ಹೈದರಾಬಾದಿನ ಕ್ಲಾಸಿನಲ್ಲಿ ಕಟ್ಟಿಗೆಯ ನೆಲವಿತ್ತು, ಅದಕ್ಕೇ ತನಗೆ ಗೊತ್ತಾಗಿರಲಿಲ್ಲ ಎಂದು ಒಪ್ಪಿಕೊಂಡಳು.

ಅಷ್ಟರಲ್ಲಿ ಬಾವಿಕಟ್ಟೆ ಕಡೆಯಿಂದ ಬಂದ ಕಾಕಾ ಒಬ್ಬರು ನಿಂತು ನೋಡಿ, "ಇದೆಲ್ಲ ನಮ್ ಕಡಿ ನಡೀತದೇನವ್ವ?" ಅಂದರು. ಯಾಕೆ ನಡೆಯುವುದಿಲ್ಲ? ಈಜಿಪ್ಟಿನ ಮನೆಗಳಲ್ಲಿ ಮದುವೆ ಮುಂಜಿ ಅಂದರೆ ಹೆಂಗಸರೇ ಕೂಡಿ ಹೆಂಗಸರ ನಡುವೆ ಕುಣಿದುಕೊಂಡು ಬಂದ ಕುಣಿತ ಅದು. ನಮ್ಮಲ್ಲಿ ಕುಬಸಕ್ಕೆ, ಮದುವೆಯ ಅರಿಷಿಣಕ್ಕೆ ಬಾಗಿಲು ಮುಂದೆ ಮಾಡಿ ಹೆಣ್ಣುಮಕ್ಕಳು ಹಾಡಿ ಕುಣಿಯುವುದಿಲ್ಲವೆ? ಮನೆಯಲ್ಲಿದ್ದ ಆ ಕುಣಿತ ದೊಡ್ಡ ವೇದಿಕೆಗೆ ಬಂದದ್ದು ಕಳೆದ ಶತಮಾನದಲ್ಲಿ. 1926ರಲ್ಲಿ ಬದಿಯಾ ಮಸಾಬ್ನಿ ಎಂಬ ಕಲಾವಿದೆ ಕೈರೋದಲ್ಲಿ ತನ್ನದೇ ರಂಗಶಾಲೆ ತೆರೆದಳು. ತಹಿಯಾ ಕಾರಿಯೋಕಾ, ಸಾಮಿಯಾ ಗಮಾಲ್‌ರಂಥ ಹೆಸರಾಂತ ನರ್ತಕಿಯರು ಅಲ್ಲಿ ಬೆಳೆದವರು. ನಿಂತಲ್ಲೇ ಸೊಂಟ ಆಡಿಸುತ್ತಿದ್ದ ಮನೆಯ ಕುಣಿತ ವೇದಿಕೆಯ ಉದ್ದಗಲ ಓಡಾಡಲು, ಕೈ ಬೀಸಲು, ಸೆರಗು ಹಾರಿಸಲು ಕಲಿತದ್ದು ಜಾಗ ದೊಡ್ಡದಾದ ಮೇಲೆ. ಕುಣಿತ ಯಾವ ರೂಪ ತಾಳುತ್ತದೆ ಎಂಬುದನ್ನು ಜಾಗವೂ ತೀರ್ಮಾನಿಸುತ್ತದೆ. ಅದಕ್ಕೇ ನಾನು ಈ ಮಾತನ್ನು ಇಷ್ಟು ಹಟಹಿಡಿದು ಆಡುತ್ತಿರುವುದು.

ದೂರದ ಮಾತು ಬೇಡ ಅನ್ನುವವರು ಚಿಂಚೋಳಿ, ಸೇಡಂ ಕಡೆಯ ತಾಂಡಾಗಳಿಗೆ ಶ್ರಾವಣದ ತೀಜ್ ಹಬ್ಬಕ್ಕೆ ಹೋಗಿ ನೋಡಲಿ. ಕನ್ನಡಿ ಚೂರು, ಕವಡೆ ಹೊಲಿದ ಭಾರದ ಘಾಗ್ರಾ ಉಟ್ಟ ಲಂಬಾಣಿ ಹೆಣ್ಣುಮಕ್ಕಳು ಸುತ್ತುಗಟ್ಟಿ ಸೊಂಟ ಬಳುಕಿಸುವ ಅಂದ ಯಾವ ದೇಶದ ಕುಣಿತಕ್ಕೂ ಕಡಿಮೆಯಲ್ಲ. ಅವರು ಕುಣಿಯುವುದು ತಾಂಡಾದ ನಡುವಿನ ಮಣ್ಣಿನ ಬಯಲಲ್ಲಿ. ಮೊಹರಂನಲ್ಲಿ ನಮ್ಮೂರುಗಳಲ್ಲಿ ಹಿಂದೂ ಮುಸ್ಲಿಂ ಅನ್ನದೆ ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವುದೂ ಮಣ್ಣಿನ ಮೇಲೆ. ಗರಡಿಮನೆಯಲ್ಲಿ ಪೈಲ್ವಾನರು ಕೆಮ್ಮಣ್ಣು ಹದಮಾಡಿ, ಎಣ್ಣೆ ಮಜ್ಜಿಗೆ ಬೆರೆಸಿ ಕಣ ಕಟ್ಟುತ್ತಾರೆ. ಕಲ್ಲಿನ ನಾಡಿನಲ್ಲೇ ಹುಟ್ಟಿದ ಈ ಜನ ಮೈ ಆಡಿಸುವ ಕೆಲಸಕ್ಕೆ ಕಲ್ಲನ್ನು ಬಿಟ್ಟು ಮಣ್ಣನ್ನು ಆರಿಸಿಕೊಂಡಿದ್ದಾರೆ. ಗುಡಿಯ ನವರಂಗದಲ್ಲಿ ಕಲ್ಲಿನ ಮೇಲೆ ಕುಣಿದವರಿಲ್ಲವೆ ಎಂದು ಕಾಕಾ ಕೇಳಿದರು. ಇದ್ದರು. ಅವರ ಕಾಲುನೋವನ್ನು ಯಾವ ಶಾಸನದಲ್ಲೂ ಯಾರೂ ಬರೆಸಲಿಲ್ಲ.

ಇನ್ನು ಬೈಲಾಟದ ಅಟ್ಟ. ನನ್ನ ಮಟ್ಟಿಗೆ ಇಡೀ ವಿಷಯದ ಜೀವ ಇಲ್ಲಿದೆ. ದೊಡ್ಡಾಟಕ್ಕೆ ಅಟ್ಟ ಕಟ್ಟುವಾಗ ನೆಲದಲ್ಲಿ ಕಂಬ ನೆಟ್ಟು ಅಥವಾ ಡ್ರಮ್ಮು, ಬಂಡಿ ಜೋಡಿಸಿ, ಅಡ್ಡ ತೊಲೆ ಹಾಕಿ, ಮೇಲೆ ಹಲಗಿ ಹಾಸುತ್ತಾರೆ. ಕಾಲಿಗೆ ಗೆಜ್ಜೆ, ತಲೆಗೆ ಕಿರೀಟ, ಎದೆಗೆ ಕಟ್ಟಿನ ಮೇಲೆ ಕಟ್ಟು. ಅಷ್ಟು ಭಾರ ಹೊತ್ತ ಪಾತ್ರಧಾರಿ ರಾತ್ರಿಯಿಡೀ ಥಕಥೈ ಕುಣಿದು ಬೆಳಗ್ಗೆ ಹೊಲಕ್ಕೆ ಹೋಗುತ್ತಿದ್ದ. ಆತನನ್ನು ಕಾದದ್ದು ಆ ಹಲಗಿ. ಹೆಜ್ಜೆ ಬಿದ್ದಾಗ ಹಲಗಿ ಒಂದು ನೂಲು ಬಗ್ಗುತ್ತದೆ, ಮರಳಿ ಏಳುತ್ತದೆ, ಪೆಟ್ಟನ್ನು ತಾನು ನುಂಗುತ್ತದೆ. ದೊಡ್ಡ ಶಹರಗಳ ನೃತ್ಯಶಾಲೆಗಳಲ್ಲಿ ಈಗ ಸ್ಪ್ರಂಗ್ ಫ್ಲೋರ್ ಎಂದು ದುಡ್ಡು ಸುರಿದು ಮಾಡಿಸುವುದೂ ಇದನ್ನೇ. ಕೆಳಗೆ ರಬ್ಬರಿನ ತುಂಡು, ಅದರ ಮೇಲೆ ಕಟ್ಟಿಗೆಯ ರೀಪು, ರೀಪಿನ ಮೇಲೆ ಪ್ಲೈವುಡ್ಡಿನ ಎರಡು ಪದರ, ಒಂದರ ಸಂದು ಇನ್ನೊಂದರ ಸಂದಿನ ಮೇಲೆ ಬರದ ಹಾಗೆ. ನಡುವೆ ಗಾಳಿ ಇರುವುದರಿಂದಲೇ ಅದು ಬಗ್ಗುವುದು. ನಮ್ಮ ಬಡಿಗರಿಗೆ ಇದೇನೂ ಹೊಸ ವಿದ್ಯೆಯಲ್ಲ. ಅಟ್ಟ ಕಟ್ಟಿದ ಕೈಗಳೇ ಇದನ್ನೂ ಕಟ್ಟುತ್ತವೆ. ಬಾಡಿಗೆ ಜಾಗವಾದರೂ ಅಡ್ಡಿಯಿಲ್ಲ. ಸ್ಕ್ರೂ ಹಾಕಿ ತುಂಡುತುಂಡಾಗಿ ಮಾಡಿಸಿದರೆ ಜಾಗ ಬಿಡುವಾಗ ಬಿಚ್ಚಿಕೊಂಡು ಹೋಗಬಹುದು. ಒಂದೇ ಎಚ್ಚರ, ಗೆದ್ದಲು. ರೀಪಿಗೆ ಔಷಧ ಹೊಡೆಸದೆ ಹಾಸಬಾರದು.

ಹುಡುಗಿಯ ಕಣ್ಣಿನಲ್ಲಿದ್ದ ಜಾಗ ಸೇಡಂ ಬಸ್‌ಸ್ಟ್ಯಾಂಡ್ ಹತ್ತಿರದ ಒಂದು ಮಳಿಗೆಯ ಮೇಲಂತಸ್ತು. ಹೊಳೆಯುವ ಟೈಲ್ಸು, ರಸ್ತೆಗೆ ಮುಖ ಮಾಡಿದ ಇಡೀ ಗೋಡೆ ಗಾಜು. ಫೋಟೋದಲ್ಲಿ ಭಾಳ ಛಂದ ಕಾಣುತ್ತದೆ. ನಾವಿಬ್ಬರೂ ಹೋಗಿ ನೋಡಿದೆವು. ಆಕೆ ಚಪ್ಪಲಿ ಬಿಟ್ಟು ಒಂದು ಸುತ್ತು ತಿರುಗಿದಳು, ಬೆವರಿದ ಪಾದ ಜಾರಿತು. ಬೆವರಷ್ಟೇ ಅಲ್ಲ, ಸಿಮೆಂಟು, ಕಲ್ಲಿನ ಲಾರಿಗಳ ಧೂಳು ಈ ಸೀಮೆಯ ಯಾವ ನೆಲವನ್ನೂ ಬಿಡುವುದಿಲ್ಲ. ನುಣುಪು ಟೈಲ್ಸಿನ ಮೇಲೆ ಆ ಸಣ್ಣ ಧೂಳು ಕೂತರೆ ಒರೆಸಿದ ಅರ್ಧ ತಾಸಿಗೇ ಮತ್ತೆ ಜಾರುತ್ತದೆ. ಪಾಲಿಶ್ ಮಾಡದ ಒರಟು ಫರಸಿಯಾದರೆ ಇನ್ನೊಂದು ತೊಂದರೆ. ತಿರುಗುವಾಗ ಅಂಗಾಲು ಹಿಡಿಯುತ್ತದೆ, ಚರ್ಮ ಸುಲಿಯುತ್ತದೆ. ಬೆಲ್ಲಿ ಡಾನ್ಸಿಗೆ ಬೇಕಾದದ್ದು ಇವೆರಡರ ನಡುವಿನ ನೆಲ, ಪಾದ ಜಾರದೆ ಸಲೀಸಾಗಿ ತಿರುಗುವಂಥದು. ಮೇಣ ಹಚ್ಚದ ಸಾದಾ ಕಟ್ಟಿಗೆಯ ನೆಲಕ್ಕೆ ಆ ಗುಣವಿದೆ.

ಮೇಲಂತಸ್ತಿನ ಮಾತು ಅಷ್ಟಕ್ಕೇ ಮುಗಿಯಲಿಲ್ಲ. ಕೆಳಗೆ ಔಷಧದ ಅಂಗಡಿ. ಹತ್ತು ಮಂದಿ ಒಮ್ಮೆಗೇ ಹೆಜ್ಜೆ ಹಾಕಿದರೆ ಕೆಳಗಿನವರ ತಲೆಯ ಮೇಲೆ ಸದ್ದು. ಗಾಜಿನ ಗೋಡೆಯ ಆಚೆ ಚಹಾದಂಗಡಿ, ಅಲ್ಲಿ ಸಂಜೆ ಹೊತ್ತು ನಿಲ್ಲುವ ಗುಂಪು. ಹೊಸದಾಗಿ ಕಲಿಯಲು ಬರುವ ಹೆಣ್ಣುಮಗಳು ತನ್ನ ಮೈಯನ್ನು ತಾನೇ ಇನ್ನೂ ಅರಿಯದವಳು, ಆಕೆ ಅಲ್ಲಿ ಸೊಂಟ ಸಡಿಲ ಬಿಡುತ್ತಾಳೆಯೆ? ಪರದೆ ಹಾಕುತ್ತೇನೆ ಅಂದಳು. ಪರದೆ ಹಾಕಿದರೆ ಗಾಳಿ ಇಲ್ಲ. ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಬಿಸಿಲು 43, 44 ಡಿಗ್ರಿ ಮುಟ್ಟುತ್ತದೆ. ಹಗಲೆಲ್ಲ ಕಾದ ಸ್ಲ್ಯಾಬು ಸಂಜೆ ಆರು ಗಂಟೆಗೆ, ಅಂದರೆ ಕ್ಲಾಸ್ ಶುರುವಾಗುವ ಹೊತ್ತಿಗೇ, ಕಾವನ್ನು ಕೆಳಗೆ ಬಿಡಲು ಆರಂಭಿಸುತ್ತದೆ. ಛತ್ತಿನ ಕೆಳಗೇ ಇರುವ ಮೇಲಂತಸ್ತು ಬೇಡ ಅನ್ನಲು ನನಗೆ ಇಷ್ಟು ಸಾಕು. ಬೇರೆ ದಾರಿಯೇ ಇಲ್ಲದಿದ್ದರೆ ಛತ್ತಿಗೆ ಸುಣ್ಣ ಬಳಿಸಬೇಕು, ಇಲ್ಲವೆ ಕ್ಲಾಸನ್ನು ಬೇಸಿಗೆಯಲ್ಲಿ ಬೆಳಗಿನ ಆರಕ್ಕೆ ಇಡಬೇಕು.

ತೊಗರಿ ಗೋದಾಮು ಒಂದು ಸಿಕ್ಕಿತ್ತು. ಅಗಲ, ಎತ್ತರ ಎಲ್ಲ ಸರಿ. ಆದರೆ ಮೇಲೆ ತಗಡು, ಕಿಟಕಿ ಇಲ್ಲ, ಮೂಲೆಯಲ್ಲಿ ಹೊಟ್ಟಿನ ಧೂಳು ಮೊಣಕಾಲುದ್ದ. ಜನವರಿಗೆ ರಾಶಿ ಮುಗಿಯುತ್ತಲೇ ಚೀಲಗಳು ಬಂದವೆಂದರೆ ಕ್ಲಾಸ್ ಬೀದಿಗೆ. ಕಲ್ಯಾಣ ಮಂಟಪವನ್ನು ಆಕೆಯೇ ಬಿಟ್ಟಳು. ಲಗ್ನದ ದಿನಗಳಲ್ಲಿ ಅಲ್ಲಿ ಯಾರು ಬಿಡುತ್ತಾರೆ? ಕುಣಿತ ಕಲಿಯುವವರಿಗೆ ತಿಂಗಳಲ್ಲಿ ಎಂಟು ದಿನ ರಜೆ ಬಿದ್ದರೆ ಮೈ ಕಲಿತದ್ದನ್ನು ಮರೆಯುತ್ತದೆ.

ಜಾಗದ ಅಳತೆ ಬಗ್ಗೆ ವೈನಿ ಕೇಳಿದರು. ಇದಕ್ಕೆ ಮೊಳ ಮಾರಿನ ಲೆಕ್ಕವೇ ಸಾಕು. ಒಬ್ಬಾಕಿ ಎರಡೂ ಕೈ ಚಾಚಿ ಸುತ್ತು ತಿರುಗಿದರೆ ಪಕ್ಕದವಳಿಗೆ ತಾಕಬಾರದು, ಅಂದರೆ ತಲೆಗೆ ಸುಮಾರು 6 ಅಡಿ ಉದ್ದ, 6 ಅಡಿ ಅಗಲ. ಹನ್ನೆರಡು ಮಂದಿಗೆ 430 ಚದರ ಅಡಿಯ ಹತ್ತಿರ. ಕಲಿಸುವವಳಿಗೆ ಮುಂದೆ ಜಾಗ, ಹಿಂದೆ ಚಪ್ಪಲಿ, ಚೀಲ, ನೀರಿನ ಕೊಡ. 20 ಅಡಿ, 30 ಅಡಿಯ ಒಂದೇ ಕೋಣೆ ಇದ್ದರೆ ಸುಖ. ನಡುವೆ ಕಂಬ ಇರಬಾರದು. ಕಂಬವಿದ್ದ ಕಡೆ ಹಿಂದಿನ ಸಾಲಿನವರು ಗುರುವನ್ನೂ ಕಾಣರು, ಕನ್ನಡಿಯನ್ನೂ ಕಾಣರು.

ಎತ್ತರವನ್ನು ಬಹಳ ಮಂದಿ ಮರೆಯುತ್ತಾರೆ. ಈ ಕುಣಿತದಲ್ಲಿ ಸುಮಾರು ಮೂರು ಗಜದ ತೆಳು ಬಟ್ಟೆಯನ್ನು ತಲೆಯ ಮೇಲೆ ಬೀಸಿ ಹಾರಿಸುವುದುಂಟು. ನಮ್ಮ ಸಾಮಾನ್ಯ ಮನೆಯ ಛತ್ತಿಗೆ ತೂಗುಹಾಕಿದ ಫ್ಯಾನಿನ ರೆಕ್ಕೆ ಎತ್ತಿದ ಕೈಗೆ ಹೆಚ್ಚು ದೂರ ಇರುವುದಿಲ್ಲ. ಆಕೆ ನಮ್ಮ ಪಡಸಾಲೆಯಲ್ಲಿ ಫ್ಯಾನು ಬಂದ್ ಮಾಡಿ ಬೀಸಿ ನೋಡಿದಳು. ಬಟ್ಟೆಯ ತುದಿ ಹೋಗಿ ರೆಕ್ಕೆಗೆ ಸುತ್ತಿಕೊಂಡಿತು. ತಿರುಗುವ ಫ್ಯಾನಾಗಿದ್ದರೆ ಬಟ್ಟೆಯ ಜೊತೆ ಕೈಯೂ ಹೋಗುತ್ತಿತ್ತು. ಗೋಡೆಗೆ ಹಚ್ಚುವ ಫ್ಯಾನೇ ಬೇಕು, ಛತ್ತು ಹತ್ತು ಅಡಿಗಿಂತ ಕೆಳಗಿರಬಾರದು.

ಕನ್ನಡಿ ಬೇಡ ಎಂದು ನಾನು ಎಂದೂ ಹೇಳಿಲ್ಲ. ಕೈಕಾಲಿನ ಕುಣಿತವನ್ನು ಎದುರಿಗಿದ್ದವರನ್ನು ನೋಡಿ ಕಲಿಯಬಹುದು, ಪಕ್ಕೆ ಮತ್ತು ಸೊಂಟದ ಸಣ್ಣ ಚಲನೆಯನ್ನು ತನ್ನದೇ ಮೈಯಲ್ಲಿ ನೋಡದೆ ತಿದ್ದಿಕೊಳ್ಳಲಾಗದು. ಒಂದು ಗೋಡೆಗೆ, ಮೊಣಕಾಲಿನಿಂದ ತಲೆಯ ಮೇಲಿನವರೆಗೆ ಇದ್ದರೆ ಸಾಕು. ಬಾಗಿಲಿಗೆ ಎದುರಾಗಿ ಇರಬಾರದು, ಇಲ್ಲದಿದ್ದರೆ ಬೀದಿಯಲ್ಲಿ ಹೋಗುವವರಿಗೆಲ್ಲ ಒಳಗಿನವರು ಕಾಣುತ್ತಾರೆ. ಸಂಜೆಯ ಬಿಸಿಲು ಬೀಳುವ ಗೋಡೆಯೂ ಬೇಡ.

ಸದ್ದಿನ ವಿಷಯದಲ್ಲಿ ನಮ್ಮ ಕಲ್ಲಿನ ಮನೆಗಳು ಬಹಳ ಕಷ್ಟ ಕೊಡುತ್ತವೆ. ನೆಲವೂ ಕಲ್ಲು, ಗೋಡೆಯೂ ಕಲ್ಲು. ಈ ಕುಣಿತಕ್ಕೆ ಬಾರಿಸುವ ಡರ್ಬುಕಾ ಎಂಬ ಚರ್ಮವಾದ್ಯದ ಒಂದು ಪೆಟ್ಟು ನಾಲ್ಕು ಕಡೆಯಿಂದ ತಿರುಗಿ ಬರುತ್ತದೆ. ಬೆರಳಿಗೆ ಕಟ್ಟುವ ಸಣ್ಣ ಹಿತ್ತಾಳೆ ತಾಳಗಳನ್ನು ಹನ್ನೆರಡು ಮಂದಿ ಒಟ್ಟಿಗೆ ಬಡಿದರೆ ಲಯ ಯಾವುದು, ಮಾರ್ದನಿ ಯಾವುದು ಗೊತ್ತಾಗುವುದಿಲ್ಲ. ಇದಕ್ಕೆ ವೈನಿ ಒಂದು ಉಪಾಯ ಹೇಳಿದರು, ನನಗೆ ಬಹಳ ಹಿಡಿಸಿತು. "ಕೌದಿ ಕಟ್ರಿ ಅಕ್ಕೋರೆ. ನಮ್ಮತ್ತಿ ಹೊಲಿದಿಟ್ಟ ಕೌದಿ ಟ್ರಂಕಿನಾಗ ಕೊಳೀಲತ್ತಾವ." ಖರೆ ಮಾತು. ಹಳೆ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿದ ಕೌದಿಯನ್ನು ಕನ್ನಡಿಯ ಎದುರಿನ ಗೋಡೆಗೆ ಇಳಿಬಿಟ್ಟರೆ ಅದು ಸದ್ದನ್ನು ಕುಡಿಯುತ್ತದೆ. ನೋಡಲೂ ಚೆಂದ, ಖರ್ಚೂ ಇಲ್ಲ. ವಾರಕ್ಕೊಮ್ಮೆ ಝಾಡಿಸಿ ಬಿಸಿಲಿಗೆ ಹಾಕಬೇಕು ಅಷ್ಟೆ, ಇಲ್ಲದಿದ್ದರೆ ಧೂಳು ಕೂತು ದಮ್ಮಿನವರಿಗೆ ತ್ರಾಸು.

ಇಷ್ಟೆಲ್ಲ ಸರಿಯಾದರೂ ಕಲಿಯುವವರು ಬಂದು ಹೋಗುವ ದಾರಿ ಸರಿಯಿಲ್ಲದಿದ್ದರೆ ಕ್ಲಾಸು ನಡೆಯುವುದಿಲ್ಲ. ಯಾರು ಬರುತ್ತಾರೆ ಎಂದು ಲೆಕ್ಕ ಹಾಕಿದೆವು. ಸೇಡಂನ ಕಾಲೇಜು ಹುಡುಗಿಯರು, ಶಾಲೆಯ ಶಿಕ್ಷಕಿಯರು, ಸಿಮೆಂಟ್ ಕಾಲೊನಿಗಳಲ್ಲಿ ಇರುವ ಹೊರರಾಜ್ಯದ ಮನೆಗಳ ಹೆಂಗಸರು, ಹೆರಿಗೆಯಾದ ಮೇಲೆ ನಡುನೋವಿಗೆ ಏನಾದರೂ ವ್ಯಾಯಾಮ ಬೇಕು ಅನ್ನುವವರು. ಹಳ್ಳಿಯಿಂದ ಬರುವವರಿಗೆ ಬಸ್ಸೇ ಗತಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಇಲ್ಲ. ಮನೆಯಲ್ಲಿ ಕೈ ಚಾಚದೆ ಕೋಡ್ಲಾದ ಹುಡುಗಿ ಸೇಡಂಗೆ ಹೋಗಿ ಕಲಿತು ಬರಬಹುದು ಎಂಬುದು ಈ ಕಾಲದ ಭಾಗ್ಯ. ಆದರೆ ತಿರುಗಿ ಬರುವ ಬಸ್ಸಿನ ಹೊತ್ತಿಗೆ ಕ್ಲಾಸು ಮುಗಿಯಬೇಕು. ಜಾಗ ಬಸ್‌ಸ್ಟ್ಯಾಂಡಿನಿಂದ ಐದು ಹತ್ತು ನಿಮಿಷದ ನಡಿಗೆಯೊಳಗೆ ಇರಬೇಕು, ದಾರಿಗೆ ದೀಪ ಇರಬೇಕು, ದಾರಿಯಲ್ಲಿ ಸೆರೆ ಅಂಗಡಿ ಇರಬಾರದು. ಒಳಗೆ ಚಿಲಕವಿರುವ ಶೌಚಾಲಯ, ಬಟ್ಟೆ ಬದಲಿಸಲು ಮರೆ, ಕುಡಿಯುವ ನೀರು. ಕರೆಂಟ್ ಹೋದರೆ ಕತ್ತಲಲ್ಲಿ ಹೆಣ್ಣುಮಕ್ಕಳು ಕೂಡಬಾರದು, ಒಂದು ಇನ್ವರ್ಟರ್ ಬೇಕೇ ಬೇಕು. ಕನ್ನಡಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ ಮೊದಲು ಇವಕ್ಕೆ ಹಾಕು ಎಂದು ನಾನು ಕಟ್ಟುನಿಟ್ಟಾಗಿ ಹೇಳಿದೆ.

ಕಲಿಸುವ ಜಾಗ ಎಂದರೆ ಇಷ್ಟೆಲ್ಲ ಯೋಚನೆ ಇರಬೇಕು ಎಂಬುದು ನಮ್ಮ ನೆಲಕ್ಕೆ ಹೊಸದಲ್ಲ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಅರವತ್ತು ಕಂಬದ ಗುಡಿ ಇಂದಿಗೂ ನಿಂತಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಅಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರವಿತ್ತು. 1058ರ ಶಾಸನ ಅಲ್ಲಿ ಓದುವವರ, ಓದಿಸುವವರ ಜೊತೆಗೆ ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರ ವ್ಯವಸ್ಥೆಯನ್ನೂ ಹೇಳುತ್ತದೆ. ಕಟ್ಟಡ ಕಟ್ಟಿ ಕೈತೊಳೆದುಕೊಂಡಿರಲಿಲ್ಲ. ಕಲಿಯುವವರ ಊಟ, ಕಲಿಸುವವರ ಜೀವನ ಎಲ್ಲಕ್ಕೂ ಭೂಮಿ ಬಿಟ್ಟುಕೊಟ್ಟಿದ್ದರು.

ಕಡೆಗೆ ನಮ್ಮ ಮನಸ್ಸಿಗೆ ಬಂದದ್ದು ಸೇಡಂ ಪೇಟೆಯ ಹಿಂದಿನ ಓಣಿಯಲ್ಲಿರುವ ಒಂದು ಹಳೆ ಮನೆಯ ನೆಲದ ಮಟ್ಟದ ಪಡಸಾಲೆ. ಛತ್ತು ಎತ್ತರ, ಮೇಲೆ ಇನ್ನೊಂದು ಅಂತಸ್ತು ಇರುವುದರಿಂದ ಕಾವು ನೇರ ಇಳಿಯದು. ಅಂಗಳದ ಕಡೆ ಎರಡು ಕಿಟಕಿ, ಬೀದಿಯ ಕಡೆ ಒಂದೂ ಇಲ್ಲ. ನೆಲ ಫರಸಿ. ಹುಡುಗಿ ಬರಿಗಾಲಲ್ಲಿ ಮೂಲೆಯಿಂದ ಮೂಲೆಗೆ ನಿಧಾನ ನಡೆದು ನೋಡಿದಳು. ಎರಿಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಉಬ್ಬುತ್ತದೆ. ಅದರ ಮೇಲೆ ಕೂತ ಹಳೆ ಮನೆಗಳಲ್ಲಿ ಒಂದು ಕಲ್ಲು ಮೇಲೆದ್ದು, ಪಕ್ಕದ್ದು ಇಳಿದು, ಸಂದಿನಲ್ಲಿ ಅಂಚು ಏಳುತ್ತದೆ. ಹೆಬ್ಬೆರಳಿನ ಉಗುರು ಕೀಳಲು ಅಷ್ಟು ಅಂಚು ಸಾಕು. ಇಲ್ಲಿ ಎರಡು ಮೂರು ಕಡೆ ಸಿಕ್ಕಿತು. ವೈನಿ ತಂಬಿಗೆ ನೀರು ತರಿಸಿ ನಡುವೆ ಸುರಿದರು. ನೀರು ಒಂದೇ ಬದಿಗೆ, ಬಚ್ಚಲ ಕಡೆಗೆ ಹರಿಯಿತು. ಇಳಿಜಾರು ಇದೆ ಅಂದಂತಾಯಿತು. ಇಳಿಜಾರಿನಲ್ಲಿ ನಿಂತು ಸೊಂಟದ ಕೆಲಸ ಮಾಡಿದರೆ ದಿನವೂ ಒಂದೇ ಕಾಲಿಗೆ ಭಾರ. ರೀಪುಗಳ ಕೆಳಗೆ ಚಕ್ಕೆ ಕೊಟ್ಟು ಮಟ್ಟ ಮಾಡಿ ಹಲಗಿ ಹಾಸಿದರೆ ಅಂಚೂ ಮುಚ್ಚುತ್ತದೆ, ಇಳಿಜಾರೂ ಹೋಗುತ್ತದೆ. ಬಡಿಗ ಬಂದು ದಾರ ಹಿಡಿದು ನೋಡಿ ಆಗುತ್ತದೆ ಅಂದ.

ಮನೆಯವರ ಜೊತೆ ಮಾತು ಬಾಯಿಮಾತಲ್ಲಿ ಉಳಿಯಬಾರದು ಎಂದೂ ಹೇಳಿದ್ದೇನೆ. ಹನ್ನೊಂದು ತಿಂಗಳ ಕರಾರು ಪತ್ರ, ಅದರಲ್ಲಿ ಡಾನ್ಸ್ ಕ್ಲಾಸಿಗೆ ಎಂದು ಸ್ಪಷ್ಟವಾಗಿ ಬರೆಸಬೇಕು. ಹಾಸಿದ ಹಲಗಿ, ಹಚ್ಚಿದ ಕನ್ನಡಿ ಬಾಡಿಗೆದಾರಳದೇ ಎಂದು ಬರೆಸಬೇಕು. ವ್ಯಾಪಾರದ ಮೀಟರಿನ ಬಗ್ಗೆ ಜೆಸ್ಕಾಂನಲ್ಲಿ, ಪರವಾನಗಿ ಬಗ್ಗೆ ಪುರಸಭೆಯಲ್ಲಿ ಮೊದಲೇ ವಿಚಾರಿಸಿಕೊಂಡರೆ ಆಮೇಲೆ ಓಡಾಟ ತಪ್ಪುತ್ತದೆ. ಓಣಿಯ ಹಿರಿಯ ಹೆಂಗಸರನ್ನು ಮೊದಲ ದಿನವೇ ಒಳಗೆ ಕರೆದು ಕೂಡಿಸಿ, ಏನು ಕಲಿಸುತ್ತೇನೆ ಎಂದು ತೋರಿಸಬೇಕು. ಒಮ್ಮೆ ಅವರು ನೋಡಿ ನಮ್ಮವಳೇ ಅಂದರೆ ಓಣಿಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಬೇಲಿ ಹತ್ತಿರ ನಿಂತು ಕೇಳಿದ ಆ ಕಾಕಾ ಕೂಡ ತಮ್ಮ ಸೊಸೆಗೆ ನಡುನೋವು ಇದೆ, ಕಳಿಸಲೇನು ಎಂದು ವಿಚಾರಿಸಿ ಹೋಗಿದ್ದಾರೆ.

ಸೇಡಂ, ಚಿತ್ತಾಪುರ, ಶಹಾಬಾದ್, ವಾಡಿ, ಚಿಂಚೋಳಿ ಕಡೆ ಇದನ್ನು ಓದುವವರಲ್ಲಿ ಒಂದು ಕೇಳಿಕೆ. ನಿಮ್ಮ ಮನೆಯ ಕೆಳಗಿನ ಪಡಸಾಲೆಯೋ, ಸಮಾಜದ ಭವನದ ಒಂದು ಕೋಣೆಯೋ, ಶಾಲೆಯ ಹಾಲೋ ಸಂಜೆ ಎರಡು ತಾಸು ಬೀಗ ಹಾಕಿ ಬಿದ್ದಿರುತ್ತದೆ. ಭರತನಾಟ್ಯವಿರಲಿ, ಕೋಲಾಟವಿರಲಿ, ಬೆಲ್ಲಿ ಡಾನ್ಸೇ ಇರಲಿ, ಕಲಿಸುತ್ತೇನೆ ಎಂದು ಒಬ್ಬ ಹೆಣ್ಣುಮಗಳು ಬಂದು ಕೇಳಿದರೆ ಆ ಬೀಗ ತೆಗೆದುಕೊಡಿ. ಫರಸಿಯ ಮೇಲೆ ನಾಲ್ಕು ಹಲಗಿ ಹಾಸಲು ಅಡ್ಡಿ ಮಾಡಬೇಡಿ.